ಗಲ್ಲಾಪೆಟ್ಟಿಗೆ ತುಂಬಿತು, ಬ್ಯಾಗಿನ ಮೇಲೆ ಮಾತ್ರ ಇನ್ನೂ ಎಲ್ಸಾ

ಮಾನ್ಯ ಸಂಪಾದಕರೇ,

ಯಾವ ಚಿತ್ರ ಎಷ್ಟು ಕೋಟಿ ಬಾಚಿತು ಎಂಬ ಲೆಕ್ಕ ನಿಮ್ಮ ಸಿನಿಮಾ ಪುಟದಲ್ಲಿ ತಪ್ಪದೆ ಬರುತ್ತದೆ. ಮೊದಲ ದಿನದ್ದು, ವಾರಾಂತ್ಯದ್ದು, ಹೊರದೇಶದ್ದು ಎಲ್ಲ ಬಿಡಿಬಿಡಿಯಾಗಿ. ದೊಡ್ಡವರ ಚಿತ್ರಕ್ಕೆ ಅಷ್ಟು ಸಾಕು. ಮಕ್ಕಳ ಚಿತ್ರಕ್ಕೆ ಅದು ಅರ್ಧ ಲೆಕ್ಕ ಮಾತ್ರ. ನಾನು ಬೆಂಗಳೂರಿನ ಶ್ರೀನಗರದಲ್ಲಿ ಸ್ಕೂಲ್ ಬ್ಯಾಗು, ಟಿಫಿನ್ ಡಬ್ಬಿ, ವಾಟರ್ ಬಾಟಲು, ಬರ್ತ್‌ಡೇ ಸಾಮಾನು ಮಾರುವ ಅಂಗಡಿಯವಳು. ಸಿನಿಮಾ ವಿಮರ್ಶೆ ಮಾಡುವ ಶಕ್ತಿ ನನಗಿಲ್ಲ. ಆದರೆ ಯಾವ ಕಾರ್ಟೂನು ನಿಂತಿತು, ಯಾವುದು ಮಲಗಿತು ಅಂತ ಕೌಂಟರಿನ ಮುಂದೆ ನಿಂತ ಮಕ್ಕಳ ಬೆರಳು ತೋರಿಸಿಬಿಡುತ್ತದೆ. ಅದಕ್ಕೆ ಯಾವ ಟ್ರೇಡ್ ಪಂಡಿತರೂ ಬೇಕಾಗಿಲ್ಲ.

2025ರ ಜುಲೈ 25ರಂದು ತೆರೆಕಂಡ ‘ಮಹಾವತಾರ ನರಸಿಂಹ’ವನ್ನೇ ತೆಗೆದುಕೊಳ್ಳಿ. ಅಶ್ವಿನ್ ಕುಮಾರ್ ನಿರ್ದೇಶನ, ಕ್ಲೀಂ ಪ್ರೊಡಕ್ಷನ್ಸ್ ತಯಾರಿಕೆ, ನಮ್ಮ ಬೆಂಗಳೂರಿನ ಹೊಂಬಾಳೆಯವರ ಅರ್ಪಣೆ. ತೆರೆಯ ಮೇಲೆ ಒಬ್ಬ ಸ್ಟಾರ್ ಇಲ್ಲ. ಐದು ಭಾಷೆಗಳಲ್ಲಿ, ತ್ರೀಡಿಯಲ್ಲಿ ಬಂದು, ಬಾಯಿಂದ ಬಾಯಿಗೆ ಹಬ್ಬಿ, ಒಟ್ಟು ಗಳಿಕೆಯಲ್ಲಿ ಮುನ್ನೂರು ಕೋಟಿ ದಾಟಿತು. ಭಾರತದ ಯಾವ ಅನಿಮೇಷನ್ ಚಿತ್ರವೂ ಅದಕ್ಕೆ ಮುಂಚೆ ಅದರ ಹತ್ತಿರಕ್ಕೂ ಸುಳಿದಿರಲಿಲ್ಲ. 2008ರಲ್ಲಿ ಯಶ್ ರಾಜ್ ಮತ್ತು ಡಿಸ್ನಿ ಕೈಜೋಡಿಸಿ ತೆಗೆದ ನಾಯಿಯ ಚಿತ್ರ ಈಗ ಯಾರಿಗೂ ನೆನಪಿಲ್ಲ. ರಜನಿಕಾಂತ್ ಅವರೇ ಇದ್ದ 2014ರ ‘ಕೊಚ್ಚಡೈಯಾನ್’ ಕೂಡ ನಿರೀಕ್ಷೆ ಮುಟ್ಟಲಿಲ್ಲ. ಅಂಥದ್ದರಲ್ಲಿ ಈ ನರಸಿಂಹ ಗೆದ್ದ. ಸಂತೋಷವೇ. ಆದರೆ ಗೆದ್ದವನು ಥಿಯೇಟರಿನಿಂದ ಹೊರಗೆ ಬರಲೇ ಇಲ್ಲ ಎಂಬುದು ನನ್ನ ಸಂಕಟ.

ವರಮಹಾಲಕ್ಷ್ಮಿ ಹಬ್ಬದ ಆಸುಪಾಸು. ಒಬ್ಬ ತಾಯಿ, ಒಂದನೇ ಕ್ಲಾಸೋ ಎರಡನೇ ಕ್ಲಾಸೋ ಇರಬಹುದಾದ ಮಗನ ಜೊತೆ ಬಂದರು. ಹಳೇ ಬ್ಯಾಗಿನ ಜಿಪ್ಪು ಹೋಗಿತ್ತು. ಹುಡುಗ ಬಂದವನೇ, “ಆಂಟಿ, ಸಿಂಹದ ದೇವ್ರು ಬ್ಯಾಗ್ ಇದ್ಯಾ?” ಅಂದ. ನನ್ನ ಹತ್ತಿರ ಇದ್ದದ್ದು ಸ್ಪೈಡರ್‌ಮ್ಯಾನ್, ಡೋರೆಮಾನ್, ಮತ್ತೆ ‘ಫ್ರೋಜನ್’ ಚಿತ್ರದ ಆ ನೀಲಿ ಗೌನಿನ ಎಲ್ಸಾ. ಸಿಂಹ ಅಂದರೆ ಒಂದು ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ ‘ಲಯನ್ ಕಿಂಗ್’ನ ಸಿಂಬಾ ಕೂತಿದ್ದ. ತೆಗೆದು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, “ಇದು ಆ ಸಿಂಹ ಅಲ್ಲ. ಅದಕ್ಕೆ ತುಂಬಾ ಕೋಪ ಬಂದಿರತ್ತೆ” ಅಂತ ವಾಪಸ್ ಇಟ್ಟ. ಅಷ್ಟರಲ್ಲಿ ಅವನ ತಾಯಿ, “ದೇವರ ಚಿತ್ರ ಇರೋ ಬ್ಯಾಗು ಬೇಡ ಕಣೋ. ನೀನು ಅದರ ಮೇಲೇ ಕೂತ್ಕೋತೀಯ, ವ್ಯಾನಲ್ಲಿ ಕಾಲ ಕೆಳಗೆ ಹಾಕ್ಕೋತೀಯ. ಅಲ್ವಾ ಅಕ್ಕ?” ಅಂತ ನನ್ನ ಕಡೆ ತಿರುಗಿದರು. ಕೊನೆಗೆ ಚಿತ್ರವೇ ಇಲ್ಲದ ನೀಲಿ ಬ್ಯಾಗು ಹೋಯಿತು.

ಆ ತಾಯಿ ಹೇಳಿದ್ದರಲ್ಲಿ ಇಡೀ ವ್ಯಾಪಾರದ ಗುಟ್ಟಿದೆ. ಹಾಲಿವುಡ್‌ನವರು ಒಂದು ಚಿತ್ರ ಮಾಡಿದರೆ ಅದರ ಮುಖವನ್ನು ಎಲ್ಲಿ ಬೇಕಾದರೂ ಒತ್ತುತ್ತಾರೆ: ಚಪ್ಪಲಿ, ಕಾಲುಚೀಲ, ಚಡ್ಡಿ, ಹಾಸಿಗೆಯ ಬೆಡ್‌ಶೀಟು, ಬರ್ತ್‌ಡೇ ಪಾರ್ಟಿಯ ಪೇಪರ್ ತಟ್ಟೆ. ನಮ್ಮ ಪುರಾಣದ ಚಿತ್ರಕ್ಕೆ ಆ ಪಟ್ಟಿಯಲ್ಲಿ ಅರ್ಧಕ್ಕರ್ಧ ಹೊಡೆದುಹೋಗುತ್ತದೆ. ಕೇಕಿನ ಮೇಲೆ ನರಸಿಂಹಸ್ವಾಮಿಯ ಮುಖ ಬರೆಸಿ ಅದಕ್ಕೆ ಚಾಕು ಹಾಕುವವರು ಯಾರು? ತಿಂದು ಬಿಸಾಡುವ ತಟ್ಟೆಯ ಮೇಲೆ ಹಾಕೋಣವೇ? ಮೊಟ್ಟೆ ಪಲ್ಯ ತುಂಬಿಕೊಂಡು ಹೋಗುವ ಡಬ್ಬಿಯ ಮೇಲೆ ಹಾಕಿದರೂ ಒಬ್ಬರಲ್ಲ ಒಬ್ಬರು ಜಗಳಕ್ಕೆ ಬರುತ್ತಾರೆ. ಹಾಗಂತ ಸುಮ್ಮನಿರಬೇಕಿಲ್ಲ. ಕಥೆಯಲ್ಲಿ ಪ್ರಹ್ಲಾದ ಇದ್ದಾನಲ್ಲ! ಮಗು, ಜುಟ್ಟು, ಹಠ, ಅಪ್ಪನ ಮಾತು ಕೇಳದ ಧೈರ್ಯ. ಬ್ಯಾಗಿಗೆ ಅವನೇ ಸರಿ. ಹಿರಣ್ಯಕಶಿಪುವಿನ ಗದೆ ಪ್ಲಾಸ್ಟಿಕ್ಕಿನಲ್ಲಿ ಬಂದರೆ ಗಂಡುಹುಡುಗರು ನಾ ಮುಂದು ತಾ ಮುಂದು ಅಂತ ಬೀಳುತ್ತಾರೆ. ಚಪ್ಪಲಿಯ ಮೇಲೆ ಬೇಕಾದರೂ ಆ ಹಿರಣ್ಯಕಶಿಪುವನ್ನು ಹಾಕಿ, ತಕರಾರು ಬರಲಿಕ್ಕಿಲ್ಲ. (1983ರಲ್ಲಿ ಅಣ್ಣಾವ್ರನ್ನು ಹಿರಣ್ಯಕಶಿಪುವಾಗಿ, ಅಪ್ಪುವನ್ನು ಪ್ರಹ್ಲಾದನಾಗಿ ನೋಡಿ ಬೆಳೆದ ನನ್ನಂಥವರು ಮಾತ್ರ ಇದಕ್ಕೂ ಒಪ್ಪಲಾರರು.)

ಹೈದರಾಬಾದಿನ ಗ್ರೀನ್ ಗೋಲ್ಡ್ ಅನಿಮೇಷನ್ ಕಂಪನಿಯವರಿಗೆ ಈ ಸೂಕ್ಷ್ಮ ಯಾವತ್ತೋ ಹೊಳೆದಿತ್ತು. 2008ರಲ್ಲಿ ಪೋಗೋ ಚಾನೆಲ್ಲಿಗೆ ಬಂದ ಛೋಟಾ ಭೀಮ್ ಹೆಸರಿನಲ್ಲಿ ಭೀಮ, ಬಾಳುವುದು ಢೋಲಕ್‌ಪುರದ ಹುಡುಗನಾಗಿ. ಲಾಡು ತಿಂದರೆ ಬಲ ಬರುತ್ತದೆ, ಅಷ್ಟೇ. ಪೂಜೆಯ ಹಂಗಿಲ್ಲ. ಅವನನ್ನು ಬ್ಯಾಗಿಗೂ ಹಾಕಬಹುದು, ಬನಿಯನ್ನಿಗೂ ಹಾಕಬಹುದು. 2012ರಲ್ಲಿ ಅವನ ಚಿತ್ರ ಥಿಯೇಟರಿಗೆ ಬರುವ ಹೊತ್ತಿಗೆ ಬ್ಯಾಗು, ಬಾಟಲು, ಜಾಮೆಟ್ರಿ ಬಾಕ್ಸು ಎಲ್ಲ ಮನೆಮನೆ ಸೇರಿಯಾಗಿತ್ತು. ಕಂಪನಿಯವರು ತಮ್ಮದೇ ಅಂಗಡಿಗಳನ್ನೂ ತೆರೆದಿದ್ದರು. ಚೀನಾದವರನ್ನೂ ನೋಡಿ. 2025ರ ಅವರ ಹೊಸ ವರ್ಷಕ್ಕೆ ಬಂದ ‘ನೇಝಾ 2’ ಇನ್ನೂರು ಕೋಟಿ ಡಾಲರ್ ದಾಟಿದ ಜಗತ್ತಿನ ಮೊದಲ ಅನಿಮೇಷನ್ ಚಿತ್ರ. ಅದರಲ್ಲಿ ಬಹುಪಾಲು ಅವರ ಸ್ವಂತ ನೆಲದಲ್ಲೇ ಬಂದ ದುಡ್ಡು. ಆ ನೇಝಾ ಕೂಡ ಅವರ ಪುರಾಣದ ಬಾಲದೇವರೇ. ಆದರೆ ಚಿತ್ರದಲ್ಲಿ ಅವನು ಕಣ್ಣ ಸುತ್ತ ಕಪ್ಪು ಕಟ್ಟಿದ, ಕೈ ಒಳಗೆ ತುರುಕಿಕೊಂಡು ಓಡಾಡುವ ಪುಂಡ. ಆ ಚಿತ್ರದ ಪುಟಾಣಿ ಗೊಂಬೆಯ ಡಬ್ಬಿಗಳು ಬಂದ ಹಾಗೆಯೇ ಖಾಲಿಯಾದವಂತೆ. ದೇವರನ್ನು ಕೆಳಗಿಳಿಸದೆ ಮಗುವನ್ನು ಮುಂದೆ ತಂದರು.

ಚಿತ್ರಕ್ಕಿಂತ ಸಾಮಾನಿನಲ್ಲೇ ಹೆಚ್ಚು ವಹಿವಾಟು ಎಂದರೆ ನಮ್ಮಲ್ಲಿ ಯಾರೂ ನಂಬುವುದಿಲ್ಲ. 2006ರಲ್ಲಿ ಪಿಕ್ಸರ್ ಕಂಪನಿ ತೆಗೆದ ‘ಕಾರ್ಸ್’ ಟಿಕೆಟ್ಟಿನಲ್ಲಿ ಗಳಿಸಿದ್ದು ಸುಮಾರು 46 ಕೋಟಿ ಡಾಲರ್. ಆ ಕಂಪನಿಯ ಬೇರೆ ಚಿತ್ರಗಳ ಪಕ್ಕ ಇಟ್ಟರೆ ಅದೇನೂ ದೊಡ್ಡ ದಾಖಲೆಯಲ್ಲ. ಆದರೆ 2011ರಲ್ಲಿ ಎರಡನೇ ಭಾಗ ಬರುವಷ್ಟರಲ್ಲಿ ಆ ಕೆಂಪು ಕಾರಿನ ಆಟಿಕೆ, ಬ್ಯಾಗು, ಬಟ್ಟೆ ಎಲ್ಲ ಸೇರಿ ಸಾವಿರ ಕೋಟಿ ಡಾಲರಿನ ಹತ್ತಿರ ಮಾರಾಟವಾಗಿತ್ತು. ಇದು ಅಂಗಡಿಯ ಬೆಲೆಯ ಲೆಕ್ಕ. ಚಿತ್ರ ಮಾಡಿದವರಿಗೆ ಸೇರುವುದು ಅದರಲ್ಲಿ ರಾಯಲ್ಟಿಯ ಪಾಲು ಮಾತ್ರ. ಆದರೂ ಟಿಕೆಟ್ಟಿನ ದುಡ್ಡಿನಲ್ಲಿ ಥಿಯೇಟರಿನವರ ಪಾಲು, ಹಂಚಿಕೆದಾರರ ಪಾಲು, ತೆರಿಗೆ ಕಳೆಯುವ ಹಾಗೆ ಇಲ್ಲಿ ಕಳೆಯುವುದಿಲ್ಲ. ಬ್ಯಾಗು ಹೊಲಿಯುವ ಖರ್ಚೂ ಅವರದಲ್ಲ. ಜೊತೆಗೆ ವರ್ಷವಿಡೀ ಮಗುವಿನ ಬೆನ್ನ ಮೇಲೆ ಪುಕ್ಕಟೆ ಪ್ರಚಾರ. ಎರಡನೇ ಭಾಗ ಬಂದಾಗ ಆ ಮಗುವಿಗೆ ಪೋಸ್ಟರ್ ತೋರಿಸಿ ಪರಿಚಯ ಮಾಡಿಸಬೇಕಿಲ್ಲ.

ಇನ್ನು ಸಮಯದ ವಿಷಯ. ಇದನ್ನು ನಿರ್ಮಾಪಕರ ಕಿವಿಗೆ ಹಾಕುವವರು ಯಾರೂ ಇದ್ದಂತಿಲ್ಲ. ಕರ್ನಾಟಕದಲ್ಲಿ ಬ್ಯಾಗಿನ ಸೀಸನ್ ಅಂದರೆ ಮೇ ಎರಡನೇ ವಾರದಿಂದ ಜೂನ್ ಮಧ್ಯದವರೆಗೆ. ಆ ಒಂದು ತಿಂಗಳಲ್ಲಿ ದುಡಿದದ್ದೇ ನಮಗೆ ವರ್ಷದ ಬಾಡಿಗೆ. ಅದಕ್ಕೆ ನಾವು ಮಾಮೂಲ್‌ಪೇಟೆಯ ಹೋಲ್‌ಸೇಲಿನವರಿಗೆ ಹೇಳಿಡುವುದು ಫೆಬ್ರವರಿ-ಮಾರ್ಚಿನಲ್ಲಿ. ಅವರು ಮುಂಬೈ, ದಿಲ್ಲಿಗೆ ಹೇಳುವುದು ಇನ್ನೂ ಮುಂಚೆ. ಜುಲೈ ಕೊನೆಗೆ ಬಂದ ಚಿತ್ರಕ್ಕೆ ಆ ಬಾಗಿಲು ಮುಚ್ಚಿಹೋಗಿತ್ತು. ಆಗ ಉಳಿಯುವುದು ಹುಟ್ಟುಹಬ್ಬದ ಸಾಮಾನು, ಆಮೇಲೆ ದಸರೆ. ಮಕ್ಕಳ ಚಿತ್ರ ಏಪ್ರಿಲ್ ರಜೆಯಲ್ಲಿ ಬಂದರೆ ಮೇ ತಿಂಗಳಲ್ಲಿ ಅದೇ ಮುಖ ಬ್ಯಾಗಿನ ಮೇಲಿರುತ್ತದೆ. ದೊಡ್ಡ ದೊಡ್ಡವರೂ ಇದರಲ್ಲಿ ಎಡವಿದ್ದಾರೆ ಬಿಡಿ. 2013ರ ಕೊನೆಗೆ ‘ಫ್ರೋಜನ್’ ಬಂದಾಗ ಇಷ್ಟು ಓಡುತ್ತದೆ ಅಂತ ಡಿಸ್ನಿಯವರಿಗೇ ಗೊತ್ತಿರಲಿಲ್ಲ. ಮಾರನೇ ವರ್ಷ ಅಮೆರಿಕದ ಅಂಗಡಿಗಳಲ್ಲಿ ಆ ನೀಲಿ ಗೌನು ಸಿಗದೆ ತಾಯಂದಿರು ಅಲೆದಾಡಿದ್ದು ಸುದ್ದಿಯಾಗಿತ್ತು. 2025ರ ಜೂನಿನಲ್ಲಿ ನೆಟ್‌ಫ್ಲಿಕ್ಸಿಗೆ ಬಂದ ಕೊರಿಯನ್ ಹಾಡುಗಾರ್ತಿಯರ ಚಿತ್ರಕ್ಕೂ ಆಟಿಕೆ ತಯಾರಿರಲಿಲ್ಲ. ಮ್ಯಾಟೆಲ್, ಹ್ಯಾಸ್ಬ್ರೊ ಎರಡೂ ಕಂಪನಿಗಳ ಜೊತೆ ಒಪ್ಪಂದವಾದ ಸುದ್ದಿ ಬಂದದ್ದು ಅಕ್ಟೋಬರಿನಲ್ಲಿ.

ಅಸಲಿ ಸರಕು ಬಾರದ ಜಾಗಕ್ಕೆ ನಕಲಿ ಬಂದು ಕೂರುತ್ತದೆ. ನಮ್ಮ ಕಡೆ ತೂಗುವ ಎಲ್ಸಾ ಬ್ಯಾಗನ್ನು ಒಮ್ಮೆ ಹತ್ತಿರದಿಂದ ನೋಡಿ. ಫೋಮ್ ಎಬ್ಬಿಸಿ ಒತ್ತಿದ ಮುಖದಲ್ಲಿ ಕಣ್ಣಿನ ಕಪ್ಪು ಒಂದು ಕಡೆ, ರೆಪ್ಪೆಯ ಗೆರೆ ಇನ್ನೊಂದು ಕಡೆ. ಚಿತ್ರದ ಕೆಳಗೆ ಹೆಸರಿನ ಸ್ಪೆಲಿಂಗ್ ತಪ್ಪು. ಎರಡು ಮಳೆಗೆ ಬಣ್ಣ ಬೆನ್ನಿಗೆ ಮೆತ್ತಿಕೊಳ್ಳುತ್ತದೆ. ಬೆಲೆ ನಾನೂರೈವತ್ತು. ಹೊಲೊಗ್ರಾಮ್ ಸ್ಟಿಕ್ಕರ್ ಅಂಟಿಸಿದ ಅಸಲಿ ಬ್ಯಾಗು ಮಾಲಿನಲ್ಲಿ ಸಾವಿರದ ಮೇಲೆ. ನಡುವಿನ ಬೆಲೆಯಲ್ಲಿ ಏನೂ ಇಲ್ಲ, ನಮ್ಮ ಬೀದಿಯ ಗಿರಾಕಿ ಕೇಳುವುದು ಆ ನಡುವಿನದನ್ನೇ. ಲೈಸೆನ್ಸ್ ಸರಕು ತರೋಣ ಅಂತ ಒಬ್ಬ ಏಜೆಂಟರನ್ನು ವಿಚಾರಿಸಿದರೆ (ಹೆಸರು ಬೇಡ) ಅವರು ಬಾಯಿಬಿಟ್ಟ ‘ಮಿನಿಮಮ್ ಗ್ಯಾರಂಟಿ’ ನನ್ನ ಅಂಗಡಿಯನ್ನೇ ಮಾರಿದರೂ ಹುಟ್ಟುವುದಿಲ್ಲ. ಮಾಲು ಹೋಗಲಿ ಬಿಡಲಿ, ಅಷ್ಟು ರಾಯಲ್ಟಿಯನ್ನು ಮೊದಲೇ ಕಟ್ಟಬೇಕು ಎಂಬುದು ಅದರ ತಾತ್ಪರ್ಯ. ದೊಡ್ಡ ಬ್ರ್ಯಾಂಡಿನವರಿಗೆ ಅದು ಸರಿಹೋಗಬಹುದು. ಹತ್ತು ಹೊಲಿಗೆ ಮೆಷಿನ್ ಇಟ್ಟುಕೊಂಡವರಿಗೆ ಆಗುವ ಮಾತಲ್ಲ.

ಈಗ ಗೊಂಬೆಯ ವಿಷಯಕ್ಕೆ ಬರುತ್ತೇನೆ, ಈ ಪತ್ರ ಬರೆಯಲು ಕೂತದ್ದೇ ಅದಕ್ಕೆ. ಜಗತ್ತಿನಲ್ಲಿ ಬೇರೆಯವರು ‘ಕಲೆಕ್ಟಿಬಲ್’ ಅಂತ ಹೆಸರಿಟ್ಟು, ಜಾಹೀರಾತು ಸುರಿದು, ಜನರಿಗೆ ವರ್ಷ ವರ್ಷ ಒಂದೊಂದು ಗೊಂಬೆ ಕೊಳ್ಳುವ ಚಟ ಹತ್ತಿಸುತ್ತಾರೆ. ನಮಗೆ ಅದು ಅಜ್ಜಿಯ ಕಾಲದಿಂದ ಇದೆ. ದಸರೆಗೆ ಗೊಂಬೆ ಕೂರಿಸುವ ಮನೆಯಲ್ಲಿ ಪ್ರತಿ ವರ್ಷ ಹೊಸದೊಂದನ್ನು ಸೇರಿಸುವುದು ರೂಢಿ. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಗೊಂಬೆ ಆರಿಸುವಾಗ ದಶಾವತಾರದ ಸೆಟ್ಟನ್ನು ಕೇಳದವರು ಕಡಿಮೆ. ಕಂಬ ಒಡೆದು ಬರುವ ನರಸಿಂಹ, ಪಕ್ಕದಲ್ಲಿ ಕೈಮುಗಿದ ಪ್ರಹ್ಲಾದ ಅಂದರೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ದೇವರನ್ನು ನೆಲಕ್ಕೆ ಹಾಕುವ ಭಯವೂ ಇಲ್ಲ. ಮೆಟ್ಟಿಲ ಮೇಲೆ, ಬಿಳಿ ಪಂಚೆಯ ಮೇಲೆ ಕೂರುತ್ತಾನೆ. ಬ್ಯಾಗಿಗೆ ಬೇಡವೆಂದ ಅದೇ ತಾಯಿ ಗೊಂಬೆಯನ್ನು ಕಣ್ಣಿಗೊತ್ತಿಕೊಂಡು ಕೊಳ್ಳುತ್ತಾರೆ. ಜುಲೈ 25ಕ್ಕೆ ಚಿತ್ರ ಬಂತು, ಸೆಪ್ಟೆಂಬರ್ 22ಕ್ಕೆ ನವರಾತ್ರಿ ಶುರುವಾಯಿತು. ಎರಡು ತಿಂಗಳು ಕೈಯಲ್ಲಿತ್ತು. ನಾನು ಗೊಂಬೆ ಕೊಳ್ಳಲು ಹೋದ ಕಡೆಯೆಲ್ಲ ಹುಡುಕಿದೆ. ಆ ಚಿತ್ರದ ಮುಖದ ನರಸಿಂಹ ನನಗೆ ಸಿಗಲಿಲ್ಲ. ಇದು ಒಂದು ಸಂಸ್ಥೆಯ ಮೇಲಿನ ದೂರಲ್ಲ. ಚಿತ್ರದವರಿಂದ ಕುಶಲಕರ್ಮಿಗೆ, ಅಲ್ಲಿಂದ ಬೀದಿ ಅಂಗಡಿಗೆ ಬರುವ ದಾರಿಯನ್ನೇ ನಾವು ಹಾಕಿಕೊಂಡಿಲ್ಲ. ಗಣಪತಿ ಮಾಡುವವರು ಈ ವಿಷಯದಲ್ಲಿ ಎಷ್ಟೋ ಚುರುಕು. 2022ರ ಚೌತಿಗೆ ಅಪ್ಪು ಜೊತೆಗಿರುವ ಗಣೇಶ ಬೀದಿಬೀದಿಗೆ ಬಂದಿದ್ದನ್ನು ನೀವೇ ಫೋಟೊ ಸಮೇತ ಹಾಕಿದ್ದಿರಿ.

ಮಾಡುವ ಕೈಗಳಿಗೆ ಬರ ಇದೆಯೇ? ಮೈಸೂರು ರಸ್ತೆಯಲ್ಲಿ ಅರವತ್ತು ಕಿಲೋಮೀಟರ್ ಹೋದರೆ ಚನ್ನಪಟ್ಟಣ. ಅಲ್ಲಿ ಆಲೆಮರದ ತುಂಡನ್ನು ಲೇತಿಗೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಕೆಂಪೋ ಹಳದಿಯೋ ಮರದ ಮೈತುಂಬ ಹರಡುತ್ತದೆ. ಆಮೇಲೆ ಒಣಗಿದ ಗರಿಯಿಂದ ತೀಡಿದರೆ ಆ ಹೊಳಪು. ಮಗು ಬಾಯಿಗಿಟ್ಟರೂ ಹೆದರಬೇಕಿಲ್ಲದ ಬಣ್ಣ ಅಂತ ಹೆಸರು ಮಾಡಿದ ಕಸುಬು, ಊರಿನ ಹೆಸರಿಗೇ ಮೀಸಲಾದ ಸರಕೆಂಬ ಜಿಐ ಮಾನ್ಯತೆಯೂ ಉಂಟು. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾದಾಗ ಜಿಐ ಆಟಿಕೆಗಳಿಗೆ, ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿಯನ್ನೂ ಕೊಟ್ಟಿದ್ದಾರೆ. ಒಂದೇ ಮಾತು: ಲೇತಿನಲ್ಲಿ ಬರುವುದು ದುಂಡಗಿನ ಆಕಾರ. ಹತ್ತು ಕೈ, ಚೂಪು ಉಗುರು, ಕೆದರಿದ ಕೇಸರ ಅದರಲ್ಲಿ ಬಾರದು. ಹಾಗಾಗಿ ಪಾತ್ರದ ಚಿತ್ರ ಬರೆಯುವ ಹಂತದಲ್ಲೇ ಚನ್ನಪಟ್ಟಣದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ದುಂಡು ತಲೆ, ದುಂಡು ಹೊಟ್ಟೆಯ ಪ್ರಹ್ಲಾದನನ್ನು ಅವರು ಅನಾಯಾಸವಾಗಿ ಕಡೆದು ಕೊಡುತ್ತಾರೆ. ಉಗ್ರರೂಪ ಬೇಕಾದರೆ ಪ್ಲಾಸ್ಟಿಕ್ಕಿದೆ. ಕೊಪ್ಪಳದ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರಿಗೆ ಅಡಿಗಲ್ಲು ಹಾಕಿದ್ದೂ 2021ರಲ್ಲೇ. ಹೊರಗಿನ ಆಟಿಕೆಯ ಮೇಲೆ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದೆ. ಇದಕ್ಕಿಂತ ಒಳ್ಳೇ ಕಾಲ ಯಾವಾಗ ಬರುತ್ತದೆ?

ಭಾಷೆಯ ಬಗ್ಗೆ ಒಂದೆರಡು ಸಾಲು. ಮಗು ಯಾವ ಭಾಷೆಯಲ್ಲಿ ಪಾತ್ರದ ಮಾತು ಕೇಳಿತೋ ಅದೇ ಭಾಷೆಯಲ್ಲಿ ಅಂಗಡಿಗೆ ಬಂದು ಕೇಳುತ್ತದೆ. ನರಸಿಂಹ ಕನ್ನಡದಲ್ಲೂ ಬಂದದ್ದರಿಂದ ಆ ಹುಡುಗ “ಸಿಂಹದ ದೇವ್ರು” ಅಂದ. 2019ರ ‘ದಿ ಲಯನ್ ಕಿಂಗ್’, 2024ರ ‘ಮುಫಾಸಾ’ ಎರಡೂ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂದವು. ಆ ಸಿಂಹಗಳ ಕೂದಲು ಕೂದಲನ್ನೂ ಕೂರಿಸಿದ ಕಂಪನಿಯ ಒಂದು ದೊಡ್ಡ ಸ್ಟುಡಿಯೋ ಇದೇ ಬೆಂಗಳೂರಿನಲ್ಲಿತ್ತು. 2025ರ ಫೆಬ್ರವರಿಯಲ್ಲಿ ಅದರ ಬಾಗಿಲು ಮುಚ್ಚಿ ಎಷ್ಟೋ ಮನೆಗಳ ಸಂಬಳ ನಿಂತಿತು. ಮುಫಾಸಾ ಒಂದು ಸಾಲು ಕನ್ನಡ ಆಡಲಿಲ್ಲ. ‘ಫ್ರೋಜನ್ 2’ರಲ್ಲಿ ಎಲ್ಸಾಗೆ ತೆಲುಗಿನಲ್ಲಿ ದನಿ ಕೊಟ್ಟವರು ಬೆಂಗಳೂರಿನಲ್ಲೇ ಹುಟ್ಟಿದ ನಿತ್ಯಾ ಮೆನನ್. ಥಿಯೇಟರಿಗೆ ಕನ್ನಡದ ಎಲ್ಸಾ ಬರಲೇ ಇಲ್ಲ. ಡಬ್ಬಿಂಗ್ ತಡೆಯುವುದು ಕಾನೂನುಬಾಹಿರ ಅಂತ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿಯಾಗಿದೆ. ಬಾಗಿಲು ತೆರೆದಿದೆ, ಮಕ್ಕಳ ಚಿತ್ರಗಳೇ ಒಳಗೆ ಬರುತ್ತಿಲ್ಲ.

ರಾಜ್ಯ ಸರ್ಕಾರಕ್ಕೆ ಅನಿಮೇಷನ್ ನೀತಿ ಇದೆ. 2012ರಲ್ಲಿ ದೇಶದಲ್ಲೇ ಮೊದಲು ಮಾಡಿದ್ದು ನಾವೇ ಎಂಬ ಹೆಮ್ಮೆಯೂ ಇದೆ. 2024ರಿಂದ 29ರವರೆಗಿನ ಹೊಸದೂ ಬಂದಿದೆ. ಅದರ ಬಗ್ಗೆ ಬರುವ ಸುದ್ದಿಯಲ್ಲೆಲ್ಲ ಕಂಪ್ಯೂಟರಿನ ಮುಂದೆ ಕೂರುವವರ ಉದ್ಯೋಗದ ಮಾತೇ. ಒಳ್ಳೆಯದು, ಆಗಲಿ. ಲೇತಿನ ಮುಂದೆ ಕೂರುವವರನ್ನೂ ಹೊಲಿಗೆ ಮೆಷಿನ್ನಿನ ಮುಂದೆ ಕೂರುವವರನ್ನೂ ಅದೇ ಸಭೆಗೆ ಕರೆಯಲಿ. ರಾಜ್ಯದಲ್ಲಿ ತಯಾರಾಗುವ ಮಕ್ಕಳ ಚಿತ್ರಕ್ಕೆ ಸಣ್ಣ ಲೈಸೆನ್ಸ್ ಅಂತ ಒಂದು ಪದ್ಧತಿ ಬರಲಿ: ಐನೂರು ತುಂಡು, ಸಾವಿರ ತುಂಡು ಮಾಡುವವರು ತುಂಡಿಗಿಷ್ಟು ಅಂತ ರಾಯಲ್ಟಿ ಕಟ್ಟಿ ಸ್ಟಿಕ್ಕರ್ ಪಡೆಯುವ ಹಾಗೆ. ಮುಂಗಡದ ಗ್ಯಾರಂಟಿ ಬೇಡ. ಸ್ಟಿಕ್ಕರ್ ಇಲ್ಲದ ಮಾಲು ಹಿಡಿದರೆ ಆಗ ಯಾರೂ ಗೊಣಗಲಾರರು.

ಹೊಂಬಾಳೆಯವರು ಪ್ರಕಟಿಸಿದ ಪಟ್ಟಿಯಂತೆ 2027ಕ್ಕೆ ಪರಶುರಾಮ, 2029ಕ್ಕೆ ರಘುನಂದನ, 2031ಕ್ಕೆ ದ್ವಾರಕಾಧೀಶ. ಹೀಗೆ 2037ರ ಕಲ್ಕಿಯ ಎರಡನೇ ಭಾಗದವರೆಗೆ ಎರಡೆರಡು ವರ್ಷಕ್ಕೊಂದು. ಗೊಂಬೆ ಮೆಟ್ಟಿಲಿಗೆ ಇದಕ್ಕಿಂತ ಹೊಂದುವ ವೇಳಾಪಟ್ಟಿ ಯಾರು ಹಾಕಿಕೊಟ್ಟಾರು? ಪರಶುರಾಮನ ಕೊಡಲಿ ಮರದಲ್ಲಿ ಸೊಗಸಾಗಿ ಬರುತ್ತದೆ, ಅಂಚು ಮೊಂಡಾಗಿರಲಿ ಅಷ್ಟೇ. ಚಿತ್ರದ ಮುಖ ಹೇಗಿದೆ ಅಂತ ಆ ವರ್ಷದ ಜನವರಿಯೊಳಗೆ ತೋರಿಸಿದರೆ ಬ್ಯಾಗಿನವರಿಗೂ ಗೊಂಬೆಯವರಿಗೂ ಕೈತುಂಬ ಸಮಯ ಸಿಗುತ್ತದೆ. ಬೆಲೆಯ ಬಗ್ಗೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ಗೊಂಬೆ ಮುನ್ನೂರರ ಒಳಗಿರಲಿ, ಬ್ಯಾಗು ಏಳುನೂರು ದಾಟದಿರಲಿ. ಮಲ್ಟಿಪ್ಲೆಕ್ಸಿನಲ್ಲಿ ನಾಲ್ಕು ಟಿಕೆಟ್ಟು, ಒಂದು ಪಾಪ್‌ಕಾರ್ನ್ ಕೊಂಡು ಬಂದ ಅಪ್ಪನ ಜೇಬಿನಲ್ಲಿ ಅದಕ್ಕಿಂತ ಹೆಚ್ಚು ಉಳಿದಿರುವುದಿಲ್ಲ.

ಇತಿ,
ಒಬ್ಬ ಬ್ಯಾಗಂಗಡಿಯಾಕೆ
ಶ್ರೀನಗರ, ಬೆಂಗಳೂರು
(ಹೆಸರು ಪ್ರಕಟಿಸಬೇಡಿ. ಮಾಮೂಲ್‌ಪೇಟೆಗೆ ನಾಳೆಯೂ ಹೋಗಬೇಕು.)